ನಮ್ಮೂರ ಪಿನ್ ಕೋಡಿನಲ್ಲಿ ಅಂಥದ್ದೇನಿದೆ?

ಸಂಖ್ಯೆಗಳ ಬಗ್ಗೆ ಬರೆಯುವ ನನಗೆ ತುಮಕೂರಿನಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ: "ಎಲ್ಲ ನಂಬರಿಗೂ ಏನೋ ವಿಶೇಷ ಇರುತ್ತಂತೆ. ಹಾಗಾದ್ರೆ ನಮ್ಮ ಪಿನ್ ಕೋಡಿಗೆ ಏನಿದೆ, ಹೇಳಿ ನೋಡೋಣ?"

ಎಲ್ಲದಕ್ಕೂ ಇರುತ್ತೆ ಅಂತ ನಾನು ಒಪ್ಪಲ್ಲ. ಆದರೆ 572101ಕ್ಕೆ ಇದೆ, ಅದೂ ಚೆನ್ನಾಗೇ ಇದೆ. 1972ರಲ್ಲಿ ಪಿನ್ ಕೋಡ್ ಬಂದದ್ದು ಕಾಗದ ವಿಂಗಡಿಸೋಕೆ, ಗಣಿತ ನೋಡಿ ಯಾರೂ ನಂಬರ್ ಹಂಚಲಿಲ್ಲ. ಅಂಕಿ ಕೂಡಿಸಿ ಲಕ್ಕಿ ನಂಬರ್ ಹುಡುಕುವುದನ್ನಂತೂ ಬಿಟ್ಟುಬಿಡಿ.

ಒಡೆದು ನೋಡಿದರೆ 572101 = 17 × 73 × 461. ಮೂರೂ ಅವಿಭಾಜ್ಯ ಸಂಖ್ಯೆಗಳು. ಮೂರನ್ನೂ 4ರಿಂದ ಭಾಗಿಸಿ, ಶೇಷ 1 ಉಳಿಯುತ್ತದೆ. ಅಂಥ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು ಅಂತ ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲೇ ಹೇಳಿದ್ದ. ಸಾಧಿಸಿ ತೋರಿಸಲು ಸ್ವಿಸ್ ಗಣಿತಜ್ಞ ಆಯ್ಲರ್ ಬರಬೇಕಾಯಿತು, ನೂರು ವರ್ಷ ಕಳೆದ ಮೇಲೆ. 17 ಅಂದರೆ 16 + 1. 73 ಅಂದರೆ 64 + 9. 461 ಅಂದರೆ 361 + 100.

ಇಂಥವನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ. ಆ ಸೂತ್ರ ನಮ್ಮ ಬ್ರಹ್ಮಗುಪ್ತನಿಗೆ ಏಳನೇ ಶತಮಾನದಲ್ಲೇ ಗೊತ್ತಿತ್ತು. ಮೂರು ಸಂಖ್ಯೆ ಇರುವುದರಿಂದ ತುಮಕೂರಿಗೆ ಒಂದಲ್ಲ, ನಾಲ್ಕು ದಾರಿ ಸಿಗುತ್ತವೆ:

751² + 90²
705² + 274²
670² + 351²
625² + 426²

ನಂಬಿಕೆ ಬರದಿದ್ದರೆ ಮೊದಲನೆಯದನ್ನೇ ಮಾಡಿ ನೋಡಿ. 564001ಕ್ಕೆ 8100 ಸೇರಿಸಿ. ಬಂತಲ್ವಾ?

ಕೋಲಾರದವರು ಸುಮ್ನೆ ಬಿಡ್ತಾರಾ? ಅವರ 563101 = 7 × 11 × 71 × 103. ಇಲ್ಲಿ ನಾಲ್ಕೂ ಅವಿಭಾಜ್ಯಗಳನ್ನು 4ರಿಂದ ಭಾಗಿಸಿದರೆ ಶೇಷ 3! ಹೀಗಾಗಿ ಎರಡು ವರ್ಗಗಳಲ್ಲಿ ಬರೆಯೋಕೆ ಒಂದು ದಾರಿಯೂ ಇಲ್ಲ. ಕಾರಣಕ್ಕೆ 7 ಒಂದೇ ಸಾಕು. ಯಾವ ವರ್ಗವನ್ನೇ 7ರಿಂದ ಭಾಗಿಸಿ, ಶೇಷ 0, 1, 2 ಇಲ್ಲವೇ 4. ಇವುಗಳಲ್ಲಿ ಎರಡನ್ನು ಕೂಡಿಸಿ 7 ಮಾಡೋಕಾಗಲ್ಲ. ಎರಡೂ 0 ಆದರೆ ಮಾತ್ರ ಮೊತ್ತ 7ರಿಂದ ಭಾಗವಾಗುತ್ತದೆ, ಆಗ ಅದು 49ರಿಂದಲೂ ಭಾಗವಾಗಬೇಕು. 563101 ಹಾಗೆ ಭಾಗವಾಗಲ್ಲ.

ಚಿಕ್ಕಬಳ್ಳಾಪುರದ 562101 ನನಗೆ ಸ್ವಲ್ಪ ಸಪ್ಪೆ. 3 × 187367, ಅಷ್ಟೇ. ಆದರೆ ಆ 187367 ಅವಿಭಾಜ್ಯ ಅಂತ ಪೆನ್ನು ಹಿಡಿದು ಖಚಿತ ಮಾಡಿಕೊಳ್ಳಬೇಕಾದರೆ 431ರವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಬೇಕು. ಭಾನುವಾರ ಬೇರೆ ಕೆಲಸ ಇಲ್ಲದವರಿಗೆ ಹೇಳಿಮಾಡಿಸಿದ್ದು.

ನಿಮ್ಮ ಪಿನ್ ಕೋಡ್ ನೋಡುವ ಮೊದಲು ಕೊನೆಯ ಎರಡು ಅಂಕಿಯನ್ನು 4ರಿಂದ ಭಾಗಿಸಿ. ಶೇಷ 3 ಬಂದರೆ ಎರಡು ವರ್ಗ ಹುಡುಕುವುದು ದಂಡ, ಸಿಗಲ್ಲ. ತುಮಕೂರಿನಲ್ಲೇ 572103ರವರಿಗೆ ಆ ಭಾಗ್ಯ ಇಲ್ಲ.