ಮಳೆ, ಹಲಸಿನ ಬೇಳೆ ಮತ್ತು ತಿಥಿ

ಶಿರಸಿಯಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ. ನಿನ್ನೆ ರಾತ್ರಿ ಕರೆಂಟು ಹೋಗುವ ಮೊದಲೇ ನೋಡಿಬಿಡೋಣ ಅಂತ ‘ತಿಥಿ’ ಸಿನಿಮಾ ಹಾಕಿದೆ. ಆಯಿ ಸುಟ್ಟ ಹಲಸಿನ ಬೇಳೆ ಸುಲಿಯುತ್ತಾ ಪಕ್ಕದಲ್ಲೇ ಕೂತಿದ್ದಳು.

ಮಂಡ್ಯದ ಹಳ್ಳಿಯೊಂದರಲ್ಲಿ 101 ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆ ಅನ್ನೋದೇ ಕಥೆ. ನಟಿಸಿದವರು ಹಳ್ಳಿಯ ಜನರೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿದೆ. ಆದರೂ ನಮ್ಮ ಕಡೆ ನೋಡದವರೇ ಜಾಸ್ತಿ. ಆಯಿ ಮೊದಲರ್ಧ ಬಿದ್ದು ಬಿದ್ದು ನಕ್ಕಳು. ಕುರಿಗಾಹಿಗಳ ಜೊತೆ ಕೂತು ಸೆಂಚುರಿ ಗೌಡನ ಮಗ ಗಡ್ಡಪ್ಪ ತನ್ನ ಹಳೆಯ ಕಥೆ ಹೇಳುವಾಗ ಮಾತ್ರ ಅವಳ ಕೈಯಲ್ಲಿದ್ದ ಬೇಳೆ ಹಾಗೇ ನಿಂತಿತು. "ನಮ್ಮ ಅಜ್ಜನೂ ಹಿಂಗೇ ಸುಮ್ನೆ ಎದ್ದು ಹೊರಟುಬಿಡ್ತಿದ್ದ" ಅಂದಳು. ಅಜ್ಜನ ಬಗ್ಗೆ ಅವಳು ಇಷ್ಟು ವರ್ಷ ಏನೂ ಹೇಳಿರಲಿಲ್ಲ. ಆಮೇಲೆ ಅರ್ಧ ಗಂಟೆ ಅದೇ ಮಾತು.

ಬರೀ ನಗಬೇಕು ಅಂದರೆ 2017ರ ‘ಒಂದು ಮೊಟ್ಟೆಯ ಕಥೆ’ ನೋಡಿ. ತಲೆಗೂದಲು ಉದುರಿದ ಕನ್ನಡ ಲೆಕ್ಚರರ್, ಮಂಗಳೂರು, ಹೆಣ್ಣು ಹುಡುಕಾಟ. ರಾಜ್ ಬಿ. ಶೆಟ್ಟಿ ಅವರನ್ನು ನಾನು ಮೊದಲು ಮೆಚ್ಚಿದ್ದು ಅದರಲ್ಲೇ.

ಇವತ್ತು ಆಯಿಯೇ ಕೇಳಿದಳು, "ರಾತ್ರಿ ಯಾವುದು ಹಾಕ್ತೆ?"