ದಾಖಲೆಯೇ ಇಲ್ಲದ ಸಾಲಗಾರ

"ನಿಮ್ಮ ಹೆಸರಲ್ಲಿ ಹಿಂದಿನ ಸಾಲದ ದಾಖಲೆಯೇ ಇಲ್ಲ. ಅದಕ್ಕೇ ಅರ್ಜಿ ಪಾಸಾಗಲಿಲ್ಲ." ಸಾಲ ವಿಭಾಗದಲ್ಲಿದ್ದ ಮೇಡಂ ಮೆತ್ತಗೆ ಹೇಳಿದರು. ನನಗೆ ತುಂಬಾ ಬೇಜಾರಾಯಿತು. ಹನ್ನೊಂದು ವರ್ಷ ದುಡಿದಿದ್ದೆ, ಯಾರ ಮುಂದೆಯೂ ಕೈ ಚಾಚಿರಲಿಲ್ಲ. ಖಾತೆಯಲ್ಲಿ ಉಳಿತಾಯವೂ ಇತ್ತು. ಆದರೆ ಕ್ರೆಡಿಟ್ ರಿಪೋರ್ಟಿನಲ್ಲಿ ಉಳಿತಾಯ ಕಾಣುವುದಿಲ್ಲ. ಸಾಲ ತಗೊಂಡು ತೀರಿಸಿದ್ದು ಮಾತ್ರ ಕಾಣುತ್ತದೆ.

ಇನ್ನೂ ನಾಲ್ಕು ಕಡೆ ಅರ್ಜಿ ಹಾಕೋಣ ಅಂತ ಎದ್ದೆ. ಅವರೇ ತಡೆದರು. ಪ್ರತಿ ಅರ್ಜಿಯೂ ರಿಪೋರ್ಟಿನಲ್ಲಿ ದಾಖಲಾಗುತ್ತದೆ, ಒಟ್ಟಿಗೆ ಹಾಕಿದರೆ ಹಣದ ತುರ್ತು ಇದೆ ಅಂತ ಕಾಣುತ್ತದೆ ಅಂದರು. ಠೇವಣಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತಗೊಳ್ಳಲು ಹೇಳಿದರು. ಹಾಗೇ ಮಾಡಿದೆ.

ಮೊದಲ ತಿಂಗಳುಗಳಲ್ಲಿ ಸ್ಕೋರೇ, ಅಂದರೆ ಸಾಲ ತೀರಿಸುತ್ತೇನೆ ಎಂಬ ನಂಬಿಕೆಗೆ ರಿಪೋರ್ಟ್ ನೋಡಿ ಕೊಡುವ ಅಂಕವೇ, ಇರಲಿಲ್ಲ. ಫೈಕೋ (FICO, ಅಮೆರಿಕದಲ್ಲಿ ಹೆಚ್ಚು ಬಳಸುವ ಲೆಕ್ಕ) ಸ್ಕೋರ್ ಬರಬೇಕಾದರೆ ಕನಿಷ್ಠ ಒಂದು ಖಾತೆಗೆ 6 ತಿಂಗಳು ತುಂಬಿರಬೇಕು. ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಎಂಟನೇ ತಿಂಗಳು ಲ್ಯಾಪ್‌ಟಾಪ್ ಕೊಂಡೆ. ಲಿಮಿಟ್ ಹೆಚ್ಚುಕಡಿಮೆ ಪೂರ್ತಿ ಖರ್ಚಾಯಿತು. ಕೊನೆಯ ದಿನಾಂಕಕ್ಕೆ ಮೊದಲೇ ಪೂರ್ತಿ ಬಿಲ್ ಕಟ್ಟಿದೆ. ಆದರೂ ಸ್ಕೋರ್ ಇಳಿಯಿತು! ನಿದ್ದೆಯೇ ಬರಲಿಲ್ಲ. ಏನು ತಪ್ಪು ಮಾಡಿದೆ ಅಂತ ರಿಪೋರ್ಟನ್ನು ಸಾಲುಸಾಲಾಗಿ ಓದಿದೆ. ಆಗ ಗೊತ್ತಾಯಿತು: ರಿಪೋರ್ಟಿಗೆ ಹೋಗಿದ್ದು ಬಿಲ್ ತಯಾರಾದ ದಿನದ ಬಾಕಿ, ನಾನು ಕಟ್ಟಿದ್ದು ಅದಾದ ಮೇಲೆ. ಲಿಮಿಟ್ ಹೆಚ್ಚುಕಡಿಮೆ ಪೂರ್ತಿ ಬಳಸಿದ ಹಾಗೆ ಕಂಡಿದ್ದಕ್ಕೇ ಸ್ಕೋರ್ ಇಳಿದಿತ್ತು. ಮುಂದಿನ ತಿಂಗಳಿಂದ ಬಿಲ್ ತಯಾರಾಗುವ ಮೊದಲೇ ಬಾಕಿಯ ಬಹುಪಾಲು ಕಟ್ಟತೊಡಗಿದೆ. ಸ್ಕೋರ್ ಮತ್ತೆ ಮೇಲೆ ಬಂತು.

ಸ್ವಲ್ಪ ಬಾಕಿ ಉಳಿಸಿಕೊಂಡರೆ ಸ್ಕೋರ್ ಬೆಳೆಯುತ್ತದೆ ಅಂತ ಒಬ್ಬ ಗೆಳೆಯ ಹೇಳಿದ್ದ. ಅದು ಸುಳ್ಳು. ಸುಮ್ನೆ ಬಡ್ಡಿ ಬೆಳೆಯುತ್ತದೆ, ಅಷ್ಟೆ. ಫೈಕೋ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ತೂಕ, ಅಂದರೆ ಶೇ. 35, ಹೇಳಿದ ಸಮಯಕ್ಕೆ ಕಟ್ಟಿದ್ದಕ್ಕೇ ಇದೆ.

ಹದಿನಾಲ್ಕು ತಿಂಗಳಾದ ಮೇಲೆ ಅದೇ ಮೇಡಂ ಮುಂದೆ ಮತ್ತೆ ಕೂತೆ. ಒಂದೇ ಅರ್ಜಿ. ಈ ಸಲ ಪಾಸಾಯಿತು. ಕಣ್ಣು ತುಂಬಿ ಬಂತು.

"ಹಳೇ ಕಾರ್ಡ್ ಮುಚ್ಚಿಬಿಡಲಾ ಮೇಡಂ?" ಅಂತ ಕೇಳಿದೆ.

"ಬೇಡ, ಇರಲಿ. ನಿಮ್ಮ ಹಳೇ ದಾಖಲೆ ಅಂದರೆ ಅದೊಂದೇ ಅಲ್ವಾ?"

ಅದು ಈಗಲೂ ಪರ್ಸಿನಲ್ಲಿದೆ. ತಿಂಗಳಿಗೆ ಒಂದು ಫೋನ್ ಬಿಲ್ ಅದರಿಂದಲೇ ಕಟ್ಟುತ್ತೇನೆ.