ಪ್ಯಾಸೇಜ್‌ನಾಗ ಎಲ್ಲೈತಿ ತೋರ್ಸು

2022ರ ಆಗಸ್ಟ್‌ನಲ್ಲಿ ಗ್ರಾಮೀಣ ಬ್ಯಾಂಕ್ ಕೆಲಸದ ಪರೀಕ್ಷೆಯ ಮೊದಲ ಹಂತ, ಪ್ರಿಲಿಮ್ಸ್, ಮುಗಿಯಿತು. ಅದರಲ್ಲಿ ರೀಸನಿಂಗ್ 40 ಪ್ರಶ್ನೆ, ಲೆಕ್ಕ 40, ಒಟ್ಟು 45 ನಿಮಿಷ. ಪ್ರಶ್ನೆ ಕನ್ನಡದಲ್ಲೂ ಸಿಗುತ್ತೆ, ಇಂಗ್ಲಿಷ್ ವಿಭಾಗವೇ ಇಲ್ಲ. ಹಾಗಾಗಿ ಧಾರವಾಡದ ನಮ್ಮ ಪಿಜಿಯ ಹುಡುಗಿಯರೆಲ್ಲ ಆರಾಮಾಗಿ ಬರೆದು ಬಂದಿದ್ದರು. ಮುಖ ಇಳಿದದ್ದು ಆಮೇಲೆ. ಅಕ್ಟೋಬರ್‌ನಲ್ಲಿ ಐಬಿಪಿಎಸ್ ಪಿಒ, ಅಂದ್ರೆ ಸರ್ಕಾರಿ ಬ್ಯಾಂಕುಗಳ ಆಫೀಸರ್ ಹುದ್ದೆಯ ಪ್ರಿಲಿಮ್ಸ್ ಇತ್ತು. ಅಲ್ಲಿ ಶುರುವಿಗೇ ಇಂಗ್ಲಿಷ್. 30 ಪ್ರಶ್ನೆ, 20 ನಿಮಿಷ. ಆ 20 ನಿಮಿಷ ಮುಗಿಯುವ ತನಕ ಮುಂದಿನ ವಿಭಾಗಕ್ಕೆ ಹೋಗುವ ಹಾಗಿಲ್ಲ, ಮುಗಿದ ಮೇಲೆ ವಾಪಸ್ ಬರುವ ಹಾಗಿಲ್ಲ. ಒಂದು ತಪ್ಪಿಗೆ ಕಾಲು ಮಾರ್ಕು ಕಟ್. ಲೆಕ್ಕದಲ್ಲಿ ಎಷ್ಟೇ ಮಾರ್ಕು ತೆಗೆದರೂ ಇಂಗ್ಲಿಷಿನ ಕಟಾಫ್, ಅಂದ್ರೆ ಪಾಸಾಗೋಕೆ ಬೇಕಾದ ಕನಿಷ್ಠ ಮಾರ್ಕು, ಬೇರೆಯಾಗಿ ದಾಟಲೇಬೇಕು. ಕನ್ನಡ ಮೀಡಿಯಂನವರು ನಾವು ಜಾಸ್ತಿ ಎಡವುತ್ತಿದ್ದದ್ದು ಅಲ್ಲೇ.

ನನ್ನದು ಶಿಕಾರಿಪುರದ ಕಡೆ ಊರು. ಬಿ.ಕಾಂ. ಮುಗಿಸಿ ಧಾರವಾಡದ ಸಪ್ತಾಪುರಕ್ಕೆ ಬಂದು ಕೋಚಿಂಗ್ ಸೇರಿದ್ದೆ. ಅಲ್ಲಿ ಗಲ್ಲಿಗೊಂದು ಕೋಚಿಂಗ್ ಸೆಂಟರು, ಅದರ ಮೇಲೊಂದು ರೀಡಿಂಗ್ ರೂಮು, ಕೆಳಗೊಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಅಂಗಡಿಯಲ್ಲಿ ಜಾಸ್ತಿ ಖರ್ಚಾಗುತ್ತಿದ್ದದ್ದು ಇಂಗ್ಲಿಷ್ ಪದಗಳ ಪಟ್ಟಿ. ಸ್ಪೈರಲ್ ಬೈಂಡಿಂಗ್ ಹಾಕಿದ ಆ ಪಟ್ಟಿ ಇಲ್ಲದವರು ನಮ್ಮ ರೀಡಿಂಗ್ ರೂಮಿನಲ್ಲಿ ಯಾರೂ ಇರಲಿಲ್ಲ. ತಮಾಷೆ ಏನಪ್ಪಾ ಅಂದ್ರೆ ಎಲ್ಲರಿಗೂ ಎ ಅಕ್ಷರದ ಪದಗಳು ಬಾಯಿಪಾಠ. ಅಬೇಟ್, ಅಭಾರ್, ಅಕ್ಯುಮೆನ್, ಅಲೀವಿಯೇಟ್, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಸಿ ಹೊತ್ತಿಗೆ ಉಸಿರು ಕಟ್ಟುತ್ತಿತ್ತು. ಆಮೇಲೆ ಒಂದು ಹಬ್ಬಕ್ಕೋ ಮದುವೆಗೋ ಊರಿಗೆ ಹೋಗಿ ಬಂದು, ಹೊಸ ಟೈಮ್‌ಟೇಬಲ್ ಬರೆದು, ಮತ್ತೆ ಎ ಇಂದ ಶುರು. ಎಸ್ ಅಕ್ಷರದ ಪದ ಕೇಳಿದರೆ ರೂಮಿಗೆ ರೂಮೇ ಗಪ್‌ಚಿಪ್.

ನನಗೆ ಈ ಪಟ್ಟಿಗಳ ಮೇಲೆ ಮೊದಲಿಂದಲೂ ನಂಬಿಕೆ ಕಡಿಮೆ. ಬ್ಯಾಂಕ್ ಪರೀಕ್ಷೆಯಲ್ಲಿ ಓದಿ ಉತ್ತರಿಸೋಕೆ ಕೊಡುವ ಇಂಗ್ಲಿಷ್ ಬರಹದ ತುಣುಕುಗಳು, ಅಂದ್ರೆ ಪ್ಯಾಸೇಜ್‌ಗಳು, ಬರೋದೇ ಹಣಕಾಸು, ಬೆಲೆ, ಸಾಲ, ಕೃಷಿ, ಇಂಥವುಗಳ ಮೇಲೆ. ಆ ವರ್ಷ ಆರ್‌ಬಿಐ ರೆಪೊ ದರವನ್ನು, ಅಂದ್ರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಮೇ ತಿಂಗಳಲ್ಲಿ ಶೇ 4ರಿಂದ 4.40ಕ್ಕೆ ಏರಿಸಿತು. ಜೂನ್‌ನಲ್ಲಿ 4.90 ಆಯಿತು, ಆಗಸ್ಟ್‌ನಲ್ಲಿ 5.40. ಏರಿಸಿದಾಗೆಲ್ಲ ಪೇಪರುಗಳಲ್ಲಿ ಎಡಿಟೋರಿಯಲ್. ಎಲ್ಲದರಲ್ಲೂ ತಿರುಗಾ ಮುರುಗಾ ಅವೇ ಪದಗಳು: ಕರ್ಬ್, ಟೇಮ್, ಸ್ಟೋಕ್, ಸ್ಲಗ್ಗಿಶ್, ಹೆಡ್‌ವಿಂಡ್ಸ್, ಹಾಕಿಶ್. ಮೂರು ಸಲ ದರ ಏರುವಷ್ಟರಲ್ಲಿ ಅವು ಪರಿಚಯದವರ ಹಾಗೆ ಆಗಿಬಿಟ್ಟಿದ್ದವು. ಬಾಯಿಪಾಠ ಮಾಡುವ ಪ್ರಶ್ನೆಯೇ ಬರಲಿಲ್ಲ. ಅದೂ ಅಲ್ಲದೆ ಪ್ಯಾಸೇಜ್‌ನಲ್ಲಿ ದಪ್ಪಕ್ಷರದ ಪದ ಕೊಟ್ಟು ಅರ್ಥ ಕೇಳುವಾಗ, ಆ ಜಾಗದಲ್ಲಿ ಅದರ ಅರ್ಥ ಏನು ಅಂತ ಕೇಳುತ್ತಾರೆ. ಡಿಕ್ಷನರಿಯಲ್ಲಿ ಮೊದಲು ಸಿಗುವ ಅರ್ಥ ಒಂದು ಆಪ್ಶನ್‌ನಲ್ಲಿ ಜಾಣತನದಿಂದ ಕೂತಿರುತ್ತೆ. ಪಟ್ಟಿ ಓದಿದವರು ಹೋಗಿ ಅದನ್ನೇ ಒತ್ತುತ್ತಾರೆ.

ಟೆಲಿಗ್ರಾಂ ಗ್ರೂಪುಗಳಲ್ಲಿ ಬರುವ, ಕಷ್ಟದ ಪದಗಳಿಗೆಲ್ಲ ಹಳದಿ ಬಣ್ಣ ಬಳಿದ ಎಡಿಟೋರಿಯಲ್ ಪಿಡಿಎಫ್ ಕೂಡ ನನಗೆ ಅಷ್ಟಕ್ಕಷ್ಟೇ. ಕಣ್ಣು ಹಳದಿಯಿಂದ ಹಳದಿಗೆ ಹಾರುತ್ತೆ, ಬರೆದವರು ಏನು ಹೇಳಿದರು ಅನ್ನೋದು ತಲೆಗೇ ಹೋಗಲ್ಲ.

ನನ್ನ ರೂಮ್‌ಮೇಟ್ ಹಾವೇರಿ ಜಿಲ್ಲೆಯವಳು. ಮನೆಯಲ್ಲಿ ನಾಲ್ಕೆಕರೆ ಹೊಲ, ಗೋವಿನಜೋಳ ಹಾಕುತ್ತಾರೆ. ಲೆಕ್ಕದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಇಂಗ್ಲಿಷ್ ಕೂಡ ಅವಳಿಗೆ ಬರುತ್ತಿರಲಿಲ್ಲ ಅಂತಲ್ಲ, ಓದಿದ್ದು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಆದರೂ ಪ್ಯಾಸೇಜ್ ಓದಿ ಉತ್ತರಿಸುವ ರೀಡಿಂಗ್ ಕಾಂಪ್ರಹೆನ್ಶನ್‌ನಲ್ಲಿ ಮಾರ್ಕು ಮಾತ್ರ ಬರುತ್ತಿರಲಿಲ್ಲ. ಯಾಕೆ ಅಂತ ಗೊತ್ತಾದದ್ದು ಸೆಪ್ಟೆಂಬರ್‌ನ ಒಂದು ಭಾನುವಾರ.

ಸಪ್ತಾಪುರದಲ್ಲಿ ಭಾನುವಾರ ಅಂದ್ರೆ ಮಾಕ್ ಟೆಸ್ಟ್, ಅಸಲಿ ಪರೀಕ್ಷೆಯ ಹಾಗೇ ನಡೆಸುವ ಅಭ್ಯಾಸ ಪರೀಕ್ಷೆ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಕೊಡೆಗಳನ್ನೆಲ್ಲ ಮೆಟ್ಟಿಲ ಮೇಲೆ ಬಿಟ್ಟು ಕಂಪ್ಯೂಟರ್ ಲ್ಯಾಬಿನಲ್ಲಿ ಕೂತೆವು. ಕಂಪ್ಯೂಟರ್ ಮೇಲೆ ಓದುವುದೇ ಒಂದು ಬೇರೆ ಕಸರತ್ತು. ಪರದೆಯ ಎಡಕ್ಕೆ ಪ್ಯಾಸೇಜ್, ಬಲಕ್ಕೆ ಪ್ರಶ್ನೆ. ಎಡಗಡೆ ಒಂದು ಸಣ್ಣ ಸ್ಕ್ರೋಲ್ ಪಟ್ಟಿ, ಅದನ್ನು ಎಳೆದರೆ ಕೆಳಗಿನ ಪ್ಯಾರಾ ಕಾಣುತ್ತೆ, ಮೇಲಿನದು ಮಾಯ. ಕಾಗದವಾದರೆ ಬೆರಳಿಟ್ಟು ಓದಬಹುದು, ಪೆನ್ಸಿಲಲ್ಲಿ ಗೆರೆ ಹಾಕಬಹುದು. ಇಲ್ಲಿ ಮೌಸಿನ ಬಾಣವನ್ನೇ ಸಾಲಿನ ಕೆಳಗೆ ತಳ್ಳುತ್ತಾ ಓದಬೇಕು. ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿರುತ್ತೆ. ಉತ್ತರ ಕೊಟ್ಟ ಪ್ರಶ್ನೆ ಹಸಿರು, ನೋಡಿ ಬಿಟ್ಟದ್ದು ಕೆಂಪು. ಪಕ್ಕದವರ ಪರದೆಯಲ್ಲಿ ಹಸಿರು ಜಾಸ್ತಿ ಕಂಡರೆ ನಮ್ಮ ಎದೆ ಸುಮ್ನೆ ಹೊಡೆದುಕೊಳ್ಳೋಕೆ ಶುರು.

ಪ್ರಶ್ನೆ ಮೊದಲು ಓದಬೇಕಾ, ಪ್ಯಾಸೇಜ್ ಮೊದಲಾ ಅಂತ ನಮ್ಮಲ್ಲಿ ದೊಡ್ಡ ಚರ್ಚೆ ನಡೆಯುತ್ತಿತ್ತು. ನಾನು ಪ್ಯಾಸೇಜ್ ಪಾರ್ಟಿ. ಬಿಟ್ಟ ಜಾಗ ತುಂಬುವ, ತಪ್ಪು ಹುಡುಕುವ ಪ್ರಶ್ನೆಗಳು, ಅಂದ್ರೆ ಫಿಲ್ಲರ್ಸ್, ಎರರ್, ಕ್ಲೋಜ್ ಟೆಸ್ಟ್ ಎಲ್ಲ ಮೊದಲು ಮುಗಿಸಿಕೊಂಡು, ಏಳೆಂಟು ನಿಮಿಷ ಪ್ಯಾಸೇಜಿಗೆ ಇಟ್ಟುಕೊಂಡು, ಒಂದೇ ಸಲ ಪೂರ್ತಿ ಓದುವುದು ನನಗೆ ಸರಿಹೋಗುತ್ತಿತ್ತು. ಪ್ರಶ್ನೆ ಮೊದಲು ಓದಿದರೆ ಬೇಟೆ ಶುರುವಾಗುತ್ತೆ. ಪ್ರಶ್ನೆಯಲ್ಲಿದ್ದ ಪದ ಪ್ಯಾಸೇಜಿನಲ್ಲಿ ಎಲ್ಲಿ ಕಂಡರೂ ಅಲ್ಲೇ ಉತ್ತರ ಇದೆ ಅನ್ನಿಸಿಬಿಡುತ್ತೆ.

ಅವತ್ತಿನ ಪ್ಯಾಸೇಜ್ ಬೆಳೆ ವಿಮೆಯ ಬಗ್ಗೆ. 2016ರಲ್ಲಿ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ. ಮುಂಗಾರು ಬೆಳೆಗೆ ರೈತ ಕಟ್ಟುವ ಪಾಲು ವಿಮಾ ಮೊತ್ತದ ಶೇ 2ಕ್ಕಿಂತ ಜಾಸ್ತಿ ಇಲ್ಲ, ಹಿಂಗಾರಿಗೆ ಶೇ 1.5, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಶೇ 5. ಉಳಿದ ಪ್ರೀಮಿಯಂ ಸರ್ಕಾರಗಳದ್ದು. ಇಷ್ಟು ಮೊದಲೆರಡು ಪ್ಯಾರಾ. ಮೂರನೆಯದರಲ್ಲಿ ನಷ್ಟ ಅಳೆಯುವ ರೀತಿ ಹೇಳಿತ್ತು. ಒಬ್ಬೊಬ್ಬರ ಹೊಲ ನೋಡುವುದಿಲ್ಲ. ಗ್ರಾಮ ಪಂಚಾಯಿತಿಯಂಥ ಒಂದು ಘಟಕ ಹಿಡಿದು, ಅದರಲ್ಲಿ ಲಾಟರಿ ಥರ ಕೆಲವು ಹೊಲ ಆರಿಸಿ, ಬೆಳೆ ಕೊಯ್ದು ತೂಗಿ, ಸರಾಸರಿ ಇಳುವರಿ ತೆಗೆಯುತ್ತಾರೆ. ಆ ಸರಾಸರಿ ನಿಗದಿ ಮಟ್ಟಕ್ಕಿಂತ ಕೆಳಗೆ ಹೋದರೆ ಮಾತ್ರ ಪರಿಹಾರ. ಆಲಿಕಲ್ಲು ಮಳೆ, ಭೂಕುಸಿತದಂಥ ಸ್ಥಳೀಯ ಅನಾಹುತವಾದರೆ ಒಬ್ಬ ರೈತನ ಹೊಲವನ್ನೇ ನೋಡುತ್ತಾರೆ, ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು.

ಟೆಸ್ಟ್ ಮುಗಿದು ಚರ್ಚೆಗೆ ಕೂತೆವು. ಇಂಗ್ಲಿಷ್ ಸರ್ ಪ್ಯಾಸೇಜ್ ಪ್ರಿಂಟ್ ಹಂಚಿದರು. ಜಗಳ ಎದ್ದದ್ದು ಇನ್‌ಫರೆನ್ಸ್ ಪ್ರಶ್ನೆಯಲ್ಲಿ, ಅಂದ್ರೆ ಪ್ಯಾಸೇಜಿನಿಂದ ಏನನ್ನು ಊಹಿಸಬಹುದು ಅನ್ನೋದು. ಎ ಹೇಳಿಕೆ: ವಿಮಾ ಕಂಪನಿಗಳ ಮೇಲೆ ರೈತರಿಗೆ ನಂಬಿಕೆ ಇಲ್ಲ. ಬಿ ಹೇಳಿಕೆ: ಸುತ್ತಮುತ್ತ ಒಳ್ಳೆ ಇಳುವರಿ ಇದ್ದಾಗ ಒಬ್ಬನ ಬೆಳೆ ಹಾಳಾದರೆ ಅವನಿಗೆ ಏನೂ ಸಿಗದೇ ಇರಬಹುದು. ಸಿ ಹೇಳಿಕೆಯಲ್ಲಿ 'ಎಲ್ಲಾ ನಷ್ಟಕ್ಕೂ' ಅಂತಿತ್ತು, ಅದನ್ನು ಎಲ್ಲರೂ ಸುಲಭವಾಗಿ ಹೊಡೆದು ಹಾಕಿದ್ದರು. ಸರ್ 'ಬಿ ಮಾತ್ರ' ಅಂದರು. ನನ್ನ ಪಕ್ಕದಿಂದ ರೂಮ್‌ಮೇಟ್ ಕೈ ಎದ್ದಿತು.

"ಸರ್, ಎ ಹೆಂಗ ತಪ್ಪಾಗತೈತ್ರಿ? ನಮ್ಮೂರಾಗ ಯಾರನ್ನ ಬೇಕಾದ್ರೂ ಕೇಳ್ರಿ."

"ನಿಮ್ಮೂರಿನವರನ್ನ ಕೇಳಿದ್ರ ನಾನೂ ಎ ಅಂತೀನವ್ವಾ. ಪ್ಯಾಸೇಜ್‌ನಾಗ ಎಲ್ಲೈತಿ ತೋರ್ಸು."

ಕ್ಲಾಸು ನಕ್ಕಿತು. ಅವಳು ಕೂರಲಿಲ್ಲ. ಪ್ರಿಂಟ್ ಹಿಡಿದು ನಿಂತಲ್ಲೇ ಮೇಲಿಂದ ಕೆಳಗೆ ಓದಿದಳು. ಸರ್ ಕಾದರು, ಅದೊಂದು ನನಗೆ ಅವರಲ್ಲಿ ಇಷ್ಟವಾದದ್ದು. ಓದಿ ಮುಗಿಸಿದವಳೇ, "ಬರದಾವಗ ನಮ್ಮ ಕಡಿ ಸುದ್ದೀನ ಗೊತ್ತಿಲ್ಲಂದ್ರ ನಾ ಏನ್ ಮಾಡ್ಲಿ?" ಅಂದಳು.

"ಅವಗ ಗೊತ್ತಿಲ್ದಿದ್ದು ನಿನಗ ಗೊತ್ತಿದ್ರ ಅದಕ್ಕ ಮಾರ್ಕ್ಸ್ ಇಲ್ಲ. ಕಾಲು ಮಾರ್ಕ್ಸ್ ಹೊಕ್ಕೈತಿ."

ಈ ಮಾತು ನನಗೆ ಅವತ್ತು ಸ್ವಲ್ಪ ಕಸಿವಿಸಿ ಅನ್ನಿಸಿತ್ತು. ಹೊಲದ ಮುಖವನ್ನೇ ನೋಡದ ಇಬ್ಬರು ಹುಡುಗರು ಅರ್ಧ ನಿಮಿಷದಲ್ಲಿ ಬಿ ಒತ್ತಿ ಮುಂದೆ ಹೋಗಿದ್ದರು. ಪ್ರೀಮಿಯಂ ಕಟ್ಟಿದ ರಸೀದಿ ಮನೆಯಲ್ಲಿಟ್ಟುಕೊಂಡವಳು ಅಲ್ಲಿ ಸಿಕ್ಕಿಹಾಕಿಕೊಂಡಳು. ಆದರೆ ಆಟದ ನಿಯಮ ಅದೇ. ವಿಷಯ ಗೊತ್ತಿಲ್ಲದವರಿಗೆ ಪ್ಯಾಸೇಜ್ ಬಿಟ್ಟರೆ ಬೇರೆ ಗತಿ ಇರಲ್ಲ, ಹಾಗಾಗಿ ಅದನ್ನೇ ಹಿಡಿದುಕೊಂಡು ಕೂರುತ್ತಾರೆ. ವಿಷಯ ಗೊತ್ತಿದ್ದವರು ಓದುತ್ತಾ ಓದುತ್ತಾ ಬರೆದವರ ಜೊತೆ ವಾದಕ್ಕೆ ನಿಲ್ಲುತ್ತಾರೆ. ಹಿಸ್ಟರಿ ಎಂ.ಎ. ಮಾಡಿದ ಅಕ್ಕ ಒಬ್ಬರಿಗೆ ಇತಿಹಾಸದ ಪ್ಯಾಸೇಜ್ ಬಂದಾಗಲೇ ಮಾರ್ಕು ಕಡಿಮೆ ಬರುತ್ತಿತ್ತು. ಅದು ನಮಗೆಲ್ಲ ಒಗಟಾಗಿತ್ತು.

ಸರ್ ಆಮೇಲೆ ತಪ್ಪು ಆಪ್ಶನ್ ಹೇಗೆ ತಯಾರಾಗುತ್ತೆ ಅಂತ ಬೋರ್ಡಿನ ಮೇಲೆ ತೋರಿಸಿದರು. ಇಡೀ ಕೋರ್ಸಿನಲ್ಲಿ ಉಪಯೋಗಕ್ಕೆ ಬಂದ ಕ್ಲಾಸ್ ಅಂದರೆ ನನ್ನ ಪ್ರಕಾರ ಅದೊಂದೇ. ಪ್ಯಾಸೇಜಿನ ಒಂದು ಸಾಲು ತೆಗೆದುಕೊಂಡರು: 'ಪರಿಹಾರ ತಡವಾಗುವುದರಿಂದ ಕೆಲವು ರೈತರು ಖಾಸಗಿ ಸಾಲದ ಕಡೆ ಹೋಗುತ್ತಾರೆ.' ಇದರಲ್ಲಿ 'ಕೆಲವು' ತೆಗೆದು 'ಎಲ್ಲಾ' ಹಾಕಿದರೆ ಒಂದು ತಪ್ಪು ಆಪ್ಶನ್ ರೆಡಿ. ಕಾರಣ ಮತ್ತು ಪರಿಣಾಮ ಅದಲು ಬದಲು ಮಾಡಿ, ಖಾಸಗಿ ಸಾಲ ಇರುವುದರಿಂದ ಪರಿಹಾರ ತಡವಾಗುತ್ತೆ ಅಂದರೆ ಇನ್ನೊಂದು. ಪದಗಳೆಲ್ಲ ಪ್ಯಾಸೇಜಿನವೇ, ಹಾಗಾಗಿ ಕಣ್ಣು ಮೋಸ ಹೋಗುತ್ತೆ. ಅರ್ಧ ವಾಕ್ಯ ಸರಿ ಇಟ್ಟು ಬಾಲಕ್ಕೆ ಸುಳ್ಳು ಅಂಟಿಸಿದರೆ ಮತ್ತೊಂದು. ಕೊನೆಯದು ಲೋಕಕ್ಕೆಲ್ಲ ಗೊತ್ತಿರುವ ನಿಜ, ಆದರೆ ಪ್ಯಾಸೇಜಿನಲ್ಲಿ ಇಲ್ಲದ್ದು. ಅದನ್ನು ಬರೆಯುವಾಗ ಸರ್ ತಿರುಗಿ ಅವಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಎಣಗಾಯಿ. ಅವಳು ಮಾತೇ ಆಡಲಿಲ್ಲ. ನಾನೂ ಕೆದಕಲಿಲ್ಲ. ಎರಡನೇ ರೊಟ್ಟಿ ಮುರಿಯುವಾಗ, "ಇವತ್ತ ಸಂಜಿಕೆ ಮತ್ತ ಅದನ್ನ ಓದೋಣ" ಅಂದಳು.

ಸಂಜೆ ಮಳೆ ನಿಂತಿತ್ತು. ಟೆರೇಸಿನ ಮೇಲೆ, ಒಣಗದ ಬಟ್ಟೆಗಳ ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ನಾನು ಒಂದೊಂದೇ ಪ್ಯಾರಾ ಜೋರಾಗಿ ಓದುವುದು, ಅವಳು ಅದನ್ನು ತನ್ನ ಮಾತಿನಲ್ಲಿ ಒಂದೇ ಸಾಲಲ್ಲಿ ಹೇಳುವುದು, ಹೀಗೆ ಅಂತ ಮಾಡಿಕೊಂಡೆವು. ಕೋಚಿಂಗಿನವರು ಯಾರೂ ಹೇಳಿಕೊಟ್ಟ ಉಪಾಯ ಅಲ್ಲ ಇದು. ಶುರುವಿನಲ್ಲಿ ಅವಳ ಒಂದು ಸಾಲಿನಲ್ಲಿ ಅರ್ಧ ಅವಳ ಅಪ್ಪನ ಮಾತೇ ಇರುತ್ತಿತ್ತು. ನಾನು "ಎಲ್ಲೈತಿ ತೋರ್ಸು" ಅನ್ನುತ್ತಿದ್ದೆ. ನನ್ನ ಬಾಯಲ್ಲಿ ಧಾರವಾಡದ ಮಾತು ಕೇಳಿ ಅವಳಿಗೆ ನಗು. ನಕ್ಕು, ಮತ್ತೆ ಹೇಳುತ್ತಿದ್ದಳು.

"ಒಂದನೇ ಪ್ಯಾರಾ: ರೈತರು ಕಟ್ಟೂದು ಸ್ವಲ್ಪ, ಸರ್ಕಾರದ್ದು ಜಾಸ್ತಿ ಅಂತಾನ. ಮುಗೀತು. ಚಲೋ ಐತಿ ಅಂದಿಲ್ಲ, ಕೆಟ್ಟ ಐತಿ ಅಂದಿಲ್ಲ."

"ಮೂರನೇದು?"

"ಅಳಿಯೂದು ಒಬ್ಬೊಬ್ಬರ ಹೊಲಾ ಅಲ್ಲ, ಎಲ್ಲಾರ್ದೂ ಸೇರ್ಸಿ ಅಂತಾನ. ಅದ್ರಿಂದ ಖರ್ಚು ಕಮ್ಮಿ, ಆದ್ರ ಒಬ್ಬೊಬ್ಬರಿಗೆ ಲುಕ್ಸಾನ್ ಆಗಬಹುದು ಅಂತಾನ. ಆಗಬಹುದು, ಆಗತೈತಿ ಅಂದಿಲ್ಲ."

ಟೋನ್ ಪ್ರಶ್ನೆಗೆ ಅವಳೇ ಒಂದು ದಾರಿ ಹುಡುಕಿದಳು. ಬರೆದವರ ಧಾಟಿ ಕ್ರಿಟಿಕಲ್ಲಾ, ಅನಲಿಟಿಕಲ್ಲಾ, ಆಪ್ಟಿಮಿಸ್ಟಿಕ್ಕಾ ಅಂತ ನಾವೆಲ್ಲ ಪದ ಹಿಡಿದು ಒದ್ದಾಡುತ್ತಿದ್ದರೆ, ಅವಳು ಪೂರ್ತಿ ಓದಿ ಕೇಳಿಸಿಕೊಂಡು "ಇವಾ ಯಾರ ಕಡಿ ಅದಾನ?" ಅಂತ ಕೇಳಿಕೊಳ್ಳುತ್ತಿದ್ದಳು. ಊರಲ್ಲಿ ಕಟ್ಟೆಯ ಮೇಲೆ ಪಂಚಾಯಿತಿ ಕೂತಾಗ ಯಾರು ಯಾರ ಪರ ಮಾತಾಡುತ್ತಿದ್ದಾರೆ ಅಂತ ಮೊದಲ ಎರಡು ಮಾತಲ್ಲೇ ಹಿಡಿಯುವವಳು. ಆ ಕಿವಿಯನ್ನು ಇಂಗ್ಲಿಷಿಗೂ ಹಚ್ಚಿದಳು. ಬೆಳೆ ವಿಮೆ ಪ್ಯಾಸೇಜಿಗೆ ಅವಳ ತೀರ್ಪು: "ಯಾರ ಕಡೀನೂ ಇಲ್ಲ, ಬ್ಯಾಲಿ ಮ್ಯಾಲ ಕುಂತಾನ." ಉತ್ತರ ಅನಲಿಟಿಕಲ್. ಸರಿ ಇತ್ತು.

ಆವತ್ತಿಂದ ಪ್ರಿಲಿಮ್ಸ್ ತನಕ ಸಂಜೆ ಹೊತ್ತು ಇದೇ ನಮ್ಮ ಅಭ್ಯಾಸ ಆಯಿತು. ಪದಗಳ ಪಟ್ಟಿ ಮೂಲೆ ಸೇರಿತು. ಗೊತ್ತಿಲ್ಲದ ಪದ ಬಂದರೆ ಓದು ನಿಲ್ಲಿಸದೆ ಮುಂದಕ್ಕೆ ಹೋಗಿ, ಕೊನೆಯಲ್ಲಿ ಮಾತ್ರ ನೋಡುವುದು. ಎಷ್ಟೋ ಪದಗಳನ್ನು ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಇಬ್ಬರೂ ಇಂಗ್ಲಿಷ್ ಕಟಾಫ್ ದಾಟಿದೆವು. ಮುಂದಿನ ಹಂತ ಮೇನ್ಸ್‌ನದ್ದು ಬೇರೆಯದೇ ಕಥೆ, ಅದು ಇಲ್ಲಿ ಬೇಡ.

ಆ ಭಾನುವಾರದ ಮಾತು ಇನ್ನೂ ಸ್ವಲ್ಪ ಉಳಿದಿದೆ. ಪ್ಯಾಸೇಜ್ ಮುಗಿಸಿ ಕುರ್ಚಿ ಎತ್ತುವಾಗ ಅವಳು ಅಪ್ಪನಿಗೆ ಫೋನ್ ಹಚ್ಚಿದಳು. ಹಿಂದಿನ ವರ್ಷ ಅವರ ಗೋವಿನಜೋಳ ಹಾಳಾಗಿ, ವಿಮೆ ಬರದೆ, ಮನೆಯಲ್ಲಿ ಬಹಳ ಮಾತಾಗಿತ್ತಂತೆ. ಸ್ಪೀಕರ್ ಹಾಕಿದ್ದಳು.

"ಅಪ್ಪಾ, ವಿಮಾ ಯಾಕ ಬರಲಿಲ್ಲ ಗೊತ್ತಾತು. ನಮ್ಮ ಹೊಲಾ ಒಂದ ನೋಡಂಗಿಲ್ಲಂತ. ಇಡೀ ಪಂಚಾಯ್ತಿಂದು ಸರಾಸರಿ ತಗೀತಾರಂತ. ಇವತ್ತ ಇಂಗ್ಲಿಷ್ ಪ್ಯಾಸೇಜ್‌ನಾಗ ಬಂದಿತ್ತು."

ಆ ಕಡೆಯಿಂದ ಸ್ವಲ್ಪ ಹೊತ್ತು ಎತ್ತಿನ ಕೊರಳ ಗಂಟೆ ಅಷ್ಟೇ ಕೇಳಿತು. ಆಮೇಲೆ ಅಪ್ಪ ಅಂದರು, "ಅದು ನಂಗೂ ಗೊತ್ತೈತಿ. ಬೆಳಿ ಕೊಯ್ದು ತೂಗಾಕ ಬಂದಾವ್ರು ನಮ್ಮೂರಾಗ ಯಾರ್ ಯಾರ ಹೊಲಕ್ಕ ಹೋಗಿದ್ರು? ಅದು ಐತೇನು ನೋಡು, ನಿಮ್ಮ ಪ್ಯಾಸೇಜ್‌ನಾಗ."

ಅವಳು ನನ್ನ ಮುಖ ನೋಡಿದಳು. "ಇಲ್ಲಪ್ಪಾ."

"ಹಂಗಾರ ನಿಮ್ಮ ಸರ್‌ಗ ಕೇಳಿ ಹೇಳು" ಅಂದರು ಅಪ್ಪ. "ಮತ್ತ, ರೊಕ್ಕ ಅದಾವೇನು, ಹಾಕ್ಲ್ಯಾ?"